ತಾರಸಿಯ ಮೇಲಿನ ಸುಣ್ಣದ ಉಂಡೆಗಳು

ಸ್ನಾನ ಮಾಡುವಾಗ ಎದೆಯಲ್ಲಿ ಗಂಟು ಕೈಗೆ ಸಿಕ್ಕಿದ ದಿನ ನಾನು ಮೊದಲು ನೆನೆದದ್ದು ದೇವರನ್ನಲ್ಲ, ಯುಗಾದಿಗೆ ಓರಗಿತ್ತಿ ಕೊಟ್ಟಿದ್ದ ಒಬ್ಬಟ್ಟನ್ನು. ಗಂಟು ಹುಣಸೆಬೀಜದಷ್ಟಿತ್ತು. ಒತ್ತಿದರೂ ನೋಯುತ್ತಿರಲಿಲ್ಲ. ನೋಯದೆ ಇದ್ದದ್ದೇ ನನಗೆ ಹೆಚ್ಚು ಅನುಮಾನ ತರಿಸಿತು. ಹೇಳದೆ ಕೇಳದೆ ಬಂದು ಸದ್ದಿಲ್ಲದೆ ಕೂತ ನೆಂಟರು ಒಳ್ಳೆಯದಕ್ಕೆ ಬಂದಿರುವುದಿಲ್ಲ.

ಓರಗಿತ್ತಿ ಅಂದರೆ ನನ್ನ ಮೈದುನನ ಹೆಂಡತಿ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ನಮ್ಮೂರು. ಒಂದೇ ಮನೆಯನ್ನು ಭಾಗ ಮಾಡಿಕೊಂಡು ಎರಡು ಮಾಡಿದ್ದೇವೆ. ಗೋಡೆ ಒಂದೇ, ಮೇಲಿನ ತಾರಸಿಯೂ ಒಂದೇ, ನಡುವೆ ಮೊಣಕಾಲೆತ್ತರದ ಒಂದು ಕಟ್ಟೆ ಮಾತ್ರ. ಅವಳ ಕಡೆಯ ಮಳೆನೀರು ನನ್ನ ಹಿತ್ತಿಲಿಗೆ ಬೀಳುತ್ತದೆ ಎಂದು ಶುರುವಾದ ಜಗಳದಲ್ಲಿ ನಾವಿಬ್ಬರೂ ವರ್ಷಗಟ್ಟಲೆ ಮುಖ ಕೊಟ್ಟು ಮಾತಾಡಿರಲಿಲ್ಲ. ಅಂಥವಳು ಇದ್ದಕ್ಕಿದ್ದಂತೆ ಯುಗಾದಿಯ ದಿನ ಬಾಳೆಎಲೆ ಮುಚ್ಚಿದ ತಟ್ಟೆ ಹಿಡಿದು ಬಂದು, "ತಗೊ ಅಕ್ಕಯ್ಯ" ಎಂದು ನಕ್ಕರೆ ಯಾರಿಗೆ ತಾನೇ ಅನುಮಾನ ಬರುವುದಿಲ್ಲ? ಬಂತು. ಆದರೂ ತಿಂದೆ. ಚೆನ್ನಾಗಿತ್ತು, ಇನ್ನೊಂದು ತಿಂದೆ.

ನಮ್ಮ ಕಡೆ ಕೈಮದ್ದು ಎನ್ನುವುದೊಂದಿದೆ. ಆಗದವರು ಸಿಹಿಯಲ್ಲೋ ಅನ್ನದಲ್ಲೋ ಏನನ್ನೋ ಬಚ್ಚಿಟ್ಟು ಉಣ್ಣಿಸುತ್ತಾರೆ. ಅದು ಒಳಗೆ ಹೋಗಿ ಸುಮ್ಮನೆ ಕೂತಿರುತ್ತದೆ, ತನ್ನ ಹೊತ್ತು ಬಂದಾಗ ಬಿಚ್ಚಿಕೊಂಡು ಮೈ ಕರಗಿಸುತ್ತದೆ ಎನ್ನುತ್ತಾರೆ. ಅದನ್ನು ತೆಗೆಯುವವರೂ ಇದ್ದಾರೆ. ಅಂಗೈಗೆ ಸೊಪ್ಪಿನ ರಸ ಹಿಂಡುತ್ತಾರೆ. ರಸ ಮೊಸರಿನಂತೆ ಗಟ್ಟಿಯಾಯಿತೋ, ಮದ್ದು ಬಿದ್ದಿದೆ ಎಂದರ್ಥ. ಆಮೇಲೆ ಏನನ್ನೋ ಕುಡಿಸಿ ವಾಂತಿ ಮಾಡಿಸುತ್ತಾರೆ. ನಾನು ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು, ಇಂಥ ಮಾತು ಕೇಳಿಕೊಂಡೇ ಬೆಳೆದವಳು. ಎದೆಯ ಗಂಟಿಗೂ ಹೊಟ್ಟೆಗೆ ಹೋದ ಒಬ್ಬಟ್ಟಿಗೂ ಏನು ಸಂಬಂಧ ಎಂದು ಆಗ ಯಾರೂ ಕೇಳಲಿಲ್ಲ. ಕೇಳಲು ನಾನು ಯಾರಿಗೂ ಹೇಳಿರಲೇ ಇಲ್ಲವಲ್ಲ! ಮಗನಿಗೆ ಹೇಳಲು ನಾಚಿಕೆ. ಸೊಸೆಗೆ ಹೇಳಿದರೆ ಸಂಜೆಯೊಳಗೆ ಊರಿಗೇ ಗೊತ್ತಾಗುತ್ತದೆ.

ನನಗೆ ಅನುಮಾನ ಹುಟ್ಟಿನಿಂದಲೇ ಬಂದದ್ದು. ಡೈರಿಯಲ್ಲಿ ಹಾಲು ಅಳೆಯುವಾಗ ಅಳೆಯುವವನ ಕೈ ನೋಡುವುದಿಲ್ಲ, ಕಣ್ಣು ನೋಡುತ್ತೇನೆ. ಬಸ್ಸಿನಲ್ಲಿ ಪಕ್ಕದವರು ಬಿಸ್ಕತ್ತು ಕೊಟ್ಟರೆ ತೆಗೆದುಕೊಂಡು ಸೆರಗಿಗೆ ಕಟ್ಟಿಕೊಳ್ಳುತ್ತೇನೆ, ಇಳಿದ ಮೇಲೆ ನಾಯಿಗೆ ಹಾಕುತ್ತೇನೆ. ನಾಯಿ ಮಾರನೇ ದಿನವೂ ಬಾಲ ಅಲ್ಲಾಡಿಸಿದರೆ, ಪಾಪ, ಒಳ್ಳೆಯವರೇ ಇದ್ದರು ಅಂದುಕೊಳ್ಳುತ್ತೇನೆ.

ಆ ಬೇಸಿಗೆಯಲ್ಲೇ ಮೊಮ್ಮಗಳು ರಜೆಗೆ ಬಂದಳು. ನನ್ನ ಮಗನ ಮಗಳು, ನಮ್ಮ ವಂಶದಲ್ಲಿ ಅಷ್ಟು ಓದಿದವರು ಇನ್ನೊಬ್ಬರಿಲ್ಲ. ಔಷಧಿ ತಯಾರು ಮಾಡುವ ಓದು ಮುಗಿಸಿ, ಅದರ ಮೇಲೆ ಇನ್ನೂ ಏನನ್ನೋ ಹುಡುಕುವ ಓದು ಓದುತ್ತಿದ್ದಾಳೆ. ಬಿಳಿ ಕೋಟು ಹಾಕಿಕೊಂಡು ಇಲಿಗಳಿಗೆ ಔಷಧಿ ಕೊಡುತ್ತಾಳೆ ಎಂದು ನಾನು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದೆ. ನಮ್ಮೂರಿನವರಿಗೆ ಇಲಿಗೆ ಕೊಡುವ ಔಷಧಿ ಅಂದರೆ ಒಂದೇ. "ಅದ್ಕೆ ಅಷ್ಟು ಓದ್ಬೇಕಾ? ನಮ್ಮ ಅಂಗ್ಡೀಲೇ ಪಾಕೀಟು ಸಿಕ್ತದಲ್ಲ" ಎಂದು ಅಂಗಡಿಯವನು ನಕ್ಕಿದ್ದ.

ಬಂದ ಮಾರನೇ ದಿನ ಬೆಳಿಗ್ಗೆ ಅವಳು ನನ್ನ ಎಲೆಅಡಿಕೆ ಡಬ್ಬಿಯ ಹತ್ತಿರ ಬಂದು ಕೂತಳು.

"ಒಸಿ ಸುಣ್ಣ ಕೊಡಜ್ಜಿ."

"ಯಾಕವ್ವಾ, ನೀನೂ ಎಲೆಅಡಿಕೆ ಸುರು ಮಾಡ್ಕೊಂಡ್ಯಾ?"

"ಇಲ್ಲಜ್ಜಿ, ಒಂದು ಕೆಲ್ಸಕ್ಕೆ ಬೇಕು."

"ಎಂಥ ಕ್ಯಾಮೆ?"

"ಆಮೇಲೆ ತೋರಿಸ್ತೀನಿ, ಕೊಡು."

ಆಮೇಲೆ ತೋರಿಸುತ್ತೇನೆ ಎಂದು ಯಾರಾದರೂ ಹೇಳಿದರೆ ನನ್ನ ಮನಸ್ಸು ಅಲ್ಲೇ ಬಾಗಿಲು ಮುಚ್ಚಿಕೊಳ್ಳುತ್ತದೆ. ಡಬ್ಬಿ ಎತ್ತಿಕೊಂಡು ಒಳಗೆ ಪೆಟ್ಟಿಗೆಯಲ್ಲಿ ಇಟ್ಟು ಬೀಗ ಹಾಕಿದೆ. ಅವಳು ನಕ್ಕು ಎದ್ದು ಹೋದಳು. ಆ ನಗುವಿನ ಮೇಲೂ ಒಂದು ಕಣ್ಣಿಟ್ಟೆ.

ಅವತ್ತಿನಿಂದ ಮನೆಯಲ್ಲಿ ಏನೋ ನಡೆಯುತ್ತಿದೆ ಎನಿಸತೊಡಗಿತು. ನನ್ನ ನಿಂಬೆಗಿಡದಲ್ಲಿ ಹಣ್ಣು ಮಾಯವಾದವು. ಅಡುಗೆಮನೆಯ ಅರಿಶಿನದ ಡಬ್ಬಿಯ ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಹಿತ್ತಿಲಿಗೆ ಹೋದರೆ ಗೋಡೆಯಾಚೆ ಮೊಮ್ಮಗಳೂ ಓರಗಿತ್ತಿಯೂ ಏನನ್ನೋ ಪಿಸುಗುಟ್ಟಿಕೊಂಡು ನಗುತ್ತಿದ್ದರು, ನನ್ನ ಬಳೆ ಸದ್ದಾದದ್ದೇ ತಡ ಇಬ್ಬರೂ ಮೂಗರಾದರು. ಇವಳು ಮದ್ದು ಹಾಕಿದ್ದು ಸಾಲದೆ ನನ್ನ ಮೊಮ್ಮಗಳನ್ನೂ ಒಲಿಸಿಕೊಂಡಳು! ಗಂಟು ಮುಟ್ಟಿ ನೋಡಿಕೊಂಡೆ. ಹುಣಸೆಬೀಜ ಈಗ ಗೇರುಬೀಜದಂತೆ ಕೈಗೆ ಸಿಕ್ಕಿತು.

ಇನ್ನು ತಡ ಮಾಡಬಾರದು ಎಂದು ತೀರ್ಮಾನಿಸಿದೆ. ಮಳವಳ್ಳಿ ಕಡೆ ಮದ್ದು ತೆಗೆಯುವವನೊಬ್ಬ ಇದ್ದಾನೆ ಎಂದು ಕೇಳಿದ್ದೆ. ಭಾನುವಾರ ಬೀಗರ ಮನೆಗೆ ಹೋಗಿಬರುತ್ತೇನೆ ಎಂದು ಮಗನಿಗೆ ಸುಳ್ಳು ಹೇಳಿದೆ. ಶನಿವಾರ ಮಧ್ಯಾಹ್ನ, ಒಣಗಲು ಹಾಕಿದ್ದ ಮೆಣಸಿನಕಾಯಿ ಬಾಚಿಕೊಂಡು ಬರೋಣವೆಂದು ತಾರಸಿ ಹತ್ತಿದೆ.

ಕಟ್ಟೆಯ ಆಚೆ, ಓರಗಿತ್ತಿಯ ಕಡೆಯ ಬಿಸಿಲಿನಲ್ಲಿ, ಒಂದು ಮೊರ. ಮೊರದ ತುಂಬ ಕಡಲೆಕಾಳಿನಷ್ಟು ಬಿಳೀ ಉಂಡೆಗಳು. ಬಿಳಿಯ ಮೇಲೆ ಅಲ್ಲಲ್ಲಿ ರಕ್ತ ಒಸರಿದಂತೆ ಕೆಂಪು. ಪಕ್ಕದಲ್ಲೇ ಎರಡು ಹೋಳು ಮಾಡಿಟ್ಟ ನಿಂಬೆಹಣ್ಣು, ನನ್ನ ಗಿಡದ್ದೇ!

 ಕಟ್ಟೆ ದಾಟಿ ಒಂದು ಉಂಡೆ ತೆಗೆದು ಉಗುರಿನಿಂದ ಒಡೆದೆ. ಮೇಲೆ ಸುಣ್ಣದ ಚಿಪ್ಪು, ಒಳಗೆ ಹಳದಿ ಪುಡಿ. ಏನನ್ನೋ ಒಳಗಿಟ್ಟು ಮೇಲೆ ಮುಚ್ಚಿದ್ದಾರೆ! ಇದಕ್ಕಿಂತ ಸಾಕ್ಷಿ ಬೇಕೇ? ಮೊರವನ್ನೇ ಎತ್ತಿಕೊಂಡು, ಮೆಣಸಿನಕಾಯಿ ಮರೆತು, ಕೆಳಗಿಳಿದು ಬೀದಿಗೆ ಬಂದೆ.

"ಬಾಮ್ಮಿ ಆಚ್ಗೆ! ನಿನ್ ಕೈಕೆಲ್ಸ ಊರೋರೆಲ್ಲಾ ನೋಡ್ಲಿ ಬಾ!"

ಓರಗಿತ್ತಿ ಮುದ್ದೆ ಕೋಲು ಹಿಡಿದುಕೊಂಡೇ ಬಂದಳು. "ಏನಕ್ಕಯ್ಯ, ಮಟಮಟ ಮಧ್ಯಾನ್ದಲ್ಲಿ ಮೈಮೇಲೆ ಬಂದದಾ?"

"ನನ್ ಮೈಮೇಲೆ ಬಂದಿರೋದ ನೀನೇ ತಾನೆ ಕಳ್ಸಿರೋದು! ಯಾರ್ಗೆ ಮಡ್ಗಿದ್ದೀಯಮ್ಮಿ ಈ ಉಂಡೆಯ? ನಂಗೆ ಒಂದ್ಸಲ ಇಕ್ಕಿದ್ದು ಸಾಲ್ನಿಲ್ವಾ?"

"ಏನಿಕ್ದೆ ನಿಂಗೆ? ಒಬ್ಬಟ್ಟಿಕ್ದೆ! ತಟ್ಟೆ ನೆಕ್ಕಿ ಕಳ್ಸಿದ್ಯಲ್ಲ, ಆಗ ಬಾಯಿ ಕಹಿ ಆಗ್ನಿಲ್ವಾ?"

"ಆ ಒಬ್ಬಟ್ಟು ತಿಂದಮ್ಯಾಕೇ ಕಣಮ್ಮಿ ನನ್ ಎದೇಲಿ ಗಂಟು ಎದ್ದಿರೋದು!"

ಬಾಯಿಂದ ಬಂದೇಬಿಟ್ಟಿತು. ಸೈಕಲ್ಲಿನಲ್ಲಿ ಹೋಗುತ್ತಿದ್ದವನೂ ಕಾಲೂರಿ ನಿಂತ. ಓರಗಿತ್ತಿಯ ಕೈಯ ಕೋಲು ಕೆಳಗಿಳಿಯಿತು.

"ಗಂಟಾ? ಯಾವಾಗ್ಲಿಂದ ಅಕ್ಕಯ್ಯ?"

ಅವಳ ದನಿಯಲ್ಲಿ ಜಗಳ ಇರಲಿಲ್ಲ. ಅದೂ ನಾಟಕವೇ ಇರಬೇಕು ಅಂದುಕೊಂಡೆ. ಅಷ್ಟರಲ್ಲಿ ಮೊಮ್ಮಗಳು ಒಳಗಿಂದ ಓಡಿಬಂದು, ನನ್ನ ಕೈಯ ಮೊರ ನೋಡಿ, ನನ್ನ ಮುಖ ನೋಡಿ, "ಅಜ್ಜಿ, ಆ ಉಂಡೆ ನಂದು. ಚಿಕ್ಕಜ್ಜಿದಲ್ಲ" ಎಂದಳು.

ಒಳಗೆ ಕರೆದುಕೊಂಡು ಹೋದರು. ಮೊಮ್ಮಗಳು ಬಾಗಿಲು ಮುಂದೆ ಮಾಡಿ, ರವಿಕೆ ಸರಿಸಿ, ಬೆರಳ ತುದಿಯಿಂದ ಮುಟ್ಟಿ ನೋಡಿದಳು. ಕಂಕುಳಲ್ಲೂ ಒತ್ತಿ ನೋಡಿದಳು. ಅವಳ ಮುಖ ಮಾತ್ರ ನಾನು ಬಿಡದೆ ನೋಡುತ್ತಿದ್ದೆ.

"ನಾಳೆ ಮಂಡ್ಯಕ್ಕೆ ಹೋಗೋಣ ಅಜ್ಜಿ. ದೊಡ್ಡಾಸ್ಪತ್ರೇಲಿ ತೋರಿಸ್ಬೇಕು."

"ನಾಳೆ ನಾನು ಮಳವಳ್ಳಿಗೆ ಓಯ್ತೀನಿ."

"ಮಳವಳ್ಳೀಲೇನದೆ?"

ನಾನು ಹೇಳದೆಯೂ ಓರಗಿತ್ತಿಗೆ ಗೊತ್ತಾಯಿತು. "ಮದ್ದು ತೆಗ್ಸಕ್ಕೆ ಹೊಂಟವ್ಳೆ ಕಣವ್ವ" ಎಂದವಳ ಕಣ್ಣಲ್ಲಿ ನೀರು ಬಂತು. "ನಾನು ಇಕ್ಕಿರೋ ಮದ್ದ ತೆಗ್ಸಕ್ಕೆ."

ಮೊಮ್ಮಗಳು ಬಯ್ಯುತ್ತಾಳೆ ಅಂದುಕೊಂಡಿದ್ದೆ. ಬಯ್ಯಲಿಲ್ಲ, ನಗಲೂ ಇಲ್ಲ. ಆದರೆ ನಾನೂ ಹಟ ಹಿಡಿದೆ. ಈ ಉಂಡೆ ಏನು, ಅವಳ ತಾರಸಿಯಲ್ಲಿ ಯಾಕಿತ್ತು, ಇಬ್ಬರೂ ಪಿಸುಗುಟ್ಟಿದ್ದು ಏನು, ಇದೆಲ್ಲ ಗೊತ್ತಾಗುವ ತನಕ ಮಂಡ್ಯಕ್ಕೂ ಬರುವುದಿಲ್ಲ, ಇನ್ನೆಲ್ಲಿಗೂ ಬರುವುದಿಲ್ಲ ಎಂದೆ.

"ಸುಣ್ಣ ನೀನು ಕೊಡ್ಲಿಲ್ಲ, ಚಿಕ್ಕಜ್ಜಿ ಕೊಟ್ರು. ಬಿಸ್ಲು ಆ ಕಡೆ ಚೆನ್ನಾಗಿತ್ತು. ಕೆಂಪು ರಕ್ತ ಅಲ್ಲ, ಸುಣ್ಣಕ್ಕೆ ಅರಿಶಿನ ತಾಕಿರೋದು. ನಾನು ಏನು ಓದ್ತಿದ್ದೀನಿ ಅಂತ ನಿಮ್ಮಿಬ್ರಿಗೂ ಒಟ್ಟಿಗೆ ತೋರಿಸೋಣ, ಆ ನೆಪದಲ್ಲಾದ್ರೂ ಒಂದು ಜಗಲೀಲಿ ಕೂತ್ಕೋತೀರಿ ಅಂದ್ಕೊಂಡಿದ್ದೆ. ಅಷ್ಟೇ ಅಜ್ಜಿ ಪಿಸುಮಾತು."

ಎರಡು ಬಟ್ಟಲು ತರಿಸಿದಳು. ಒಂದಕ್ಕೆ ನೀರು, ಇನ್ನೊಂದಕ್ಕೆ ನಿಂಬೆರಸ. ನಿಂಬೆ ನಾನೇ ಹಿಂಡುತ್ತೇನೆ ಎಂದೆ. ಉಂಡೆಯನ್ನೂ ನಾನೇ ಮೊರದಿಂದ ಆರಿಸಿದೆ. ಅವಳು ಕೊಟ್ಟದ್ದನ್ನು ಹಾಕಿದರೆ ಅವಳಾಟವೇ ಆಗುತ್ತದಲ್ಲ! ಎರಡೂ ಬಟ್ಟಲಿಗೆ ಒಂದೊಂದು ಬಿಟ್ಟೆ.

ನೀರಿನಲ್ಲಿದ್ದದ್ದು ಕಲ್ಲಿನಂತೆ ಕೂತಿತು. ನಿಂಬೆರಸದಲ್ಲಿದ್ದದ್ದು ಬುಸುಬುಸು ಎಂದು ನೊರೆ ಕಾರತೊಡಗಿತು. ಚಿಪ್ಪು ಸವೆದು ಸವೆದು ಒಂದು ಕಡೆ ಬಾಯಿ ಬಿಟ್ಟಿತು, ಒಳಗಿನ ಅರಿಶಿನ ಮೆಲ್ಲಗೆ ರಸದ ತುಂಬ ಹರಡಿತು. ಓರಗಿತ್ತಿ "ಅಯ್ಯಯ್ಯೋ" ಎಂದಳು. ನಾನು ನೀರಿನ ಬಟ್ಟಲನ್ನೇ ಇನ್ನೊಮ್ಮೆ ಬಗ್ಗಿ ನೋಡಿದೆ. ಅದು ಹಾಗೇ ಇತ್ತು.

"ಕ್ಯಾನ್ಸರ್ ಗಡ್ಡೆ ಸುತ್ತಮುತ್ತ ಮೈಯಿನ ಮಿಕ್ಕ ಜಾಗಕ್ಕಿಂತ ಒಸಿ ಹುಳಿ ಜಾಸ್ತಿ ಇರ್ತದೆ ಅಜ್ಜಿ. ನಿಂಬೆ ಅಷ್ಟಲ್ಲ, ನಾಲಿಗೇಗೂ ಗೊತ್ತಾಗ್ದಷ್ಟು. ಔಷಧೀನ ಇಂಥ ಉಂಡೆಯೊಳಗೆ ಮುಚ್ಚಿ ರಕ್ತಕ್ಕೆ ಬಿಟ್ರೆ, ಒಳ್ಳೆ ಜಾಗದಲ್ಲಿ ಬಾಯಿ ಮುಚ್ಕೊಂಡು ಹೋಗ್ಬೇಕು, ಆ ಹುಳಿ ಸಿಕ್ಕಿದ ಕಡೆ ಮಾತ್ರ ಬಾಯಿ ಬಿಡ್ಬೇಕು. ಅಂಥ ಉಂಡೆ ಮಾಡೋದೇ ನನ್ನ ಓದು."

"ಇಷ್ಟು ದಪ್ಪ ಉಂಡೆ ನರದಲ್ಲಿ ಎಂಗಮ್ಮಿ ಹೋದಾತು?"

"ಇಷ್ಟು ದಪ್ಪ ಅಲ್ಲ. ಕಣ್ಣಿಗೇ ಕಾಣಲ್ಲ. ರಾಗಿ ಹಿಟ್ಟಿನ ಒಂದು ಕಣ ಇದ್ಯಲ್ಲ, ಅದನ್ನ ನೂರಾರು ಪಾಲು ಮಾಡಿದ್ರೆ ಒಂದು ಪಾಲು ಎಷ್ಟೋ ಅಷ್ಟು."

"ಕಾಣ್ದೇ ಇರೋದ ಮಾಡಿದ್ದೀನಿ ಅಂತೀಯ, ನಾನು ನಂಬ್ಬೇಕು. ಸರಿ. ಒಟ್ಟೇಲೂ ಹುಳಿ ಅದೆ ತಾನೆ? ಹುಳಿತೇಗು ಬರಲ್ವಾ? ಅಲ್ಲೇ ಬಾಯಿ ಬುಟ್ರೆ?"

"ಬಾಯಿಗೆ ಕೊಡಲ್ಲ ಅಜ್ಜಿ, ಸೂಜೀಲಿ ನರಕ್ಕೆ ಕೊಡೋದು. ಹೊಟ್ಟೆ ದಾರಿಗೆ ಹೋಗಲ್ಲ."

"ಎಲ್ಲಾ ಗಂಟತ್ರಕ್ಕೇ ಓಯ್ತವಾ?"

"ಇಲ್ಲ. ಬಹಳಷ್ಟು ದಾರೀಲೇ ಸಿಕ್ಕಾಕ್ಕೋತವೆ. ಲಿವರ್ರೇ ಹಿಡ್ಕೊಂಡ್ಬಿಡ್ತದೆ. ತಲುಪೋದು ಕಮ್ಮಿ. ಅದೇ ನಮ್ಮ ತಲೆನೋವು."

ನನ್ನ ಅನುಮಾನ ಎಷ್ಟು ಬೇಗ ಮಗ್ಗುಲು ಬದಲಿಸಿತೆಂದರೆ ನನಗೇ ಆಶ್ಚರ್ಯ. ಅಲ್ಲಿಯ ತನಕ ಇವಳು ನನಗೆ ಏನನ್ನೋ ಕೊಡುತ್ತಾಳೆ ಎಂಬ ಭಯ ಇತ್ತು. ಈಗ ಕೊಡುವುದಿಲ್ಲವೇನೋ ಎಂಬ ಭಯ ಹಿಡಿಯಿತು.

"ಅಂಗಾರೆ ನಂಗೆ ಅದ್ನೇ ಆಕ್ಬುಡು. ಆಸ್ಪತ್ರೆ ಯಾಕೆ?"

"ಆಗಲ್ಲ ಅಜ್ಜಿ."

"ಇಲೀಗೆ ಆಕ್ತೀಯ! ನಿನ್ನ ಎತ್ತಿ ಆಡ್ಸಿದ ಅಜ್ಜಿಗೆ ಆಕಕ್ಕಾಗಲ್ವಾ? ಯಾವ್ ದೊಡ್ ಮನ್ಸನಿಗೆ ಮಡ್ಗಿದ್ದೀಯ ಅದ?"

ಅವಳು ಅತ್ತುಬಿಟ್ಟಳು. ಅಳುತ್ತಲೇ, ಆದರೆ ಒಂದು ಮಾತೂ ನುಂಗದೆ ಹೇಳಿದಳು. "ಕೆಲವು ಇಲೀಲಿ ಗಡ್ಡೆ ಸಣ್ಣ ಆಯ್ತು. ಕೆಲವು ಇಲೀಲಿ ಆಗ್ಲಿಲ್ಲ. ಕೆಲವು ಸತ್ತೇಹೋದ್ವು. ಯಾಕೆ ಅಂತ ನಂಗಿನ್ನೂ ಗೊತ್ತಿಲ್ಲ ಅಜ್ಜಿ. ಗೊತ್ತಿಲ್ದೇ ಇರೋದ ನಿಂಗೆ ಕೊಡಲ್ಲ. ನೀನು ಬಯ್ದ್ರೂ ಕೊಡಲ್ಲ. ಆಸ್ಪತ್ರೇಲಿ ಕೊಡೋದು ಹಳೇ ಔಷಧಿ. ಕೂದ್ಲು ಹೋಯ್ತದೆ, ವಾಂತಿ ಆಯ್ತದೆ. ಆದ್ರೆ ಅದ್ರಿಂದ ಎಷ್ಟೋ ಜನ ಬದುಕಿದ್ದಾರೆ ಅನ್ನೋದು ಗೊತ್ತಿದೆ."

ನನ್ನ ಆಯಸ್ಸಿನಲ್ಲಿ ನನಗೆ ಔಷಧಿ ಕೊಡಲು ಬಂದವರು, ಬೀಜ ಮಾರಲು ಬಂದವರು, ತಾಯಿತ ಕಟ್ಟಲು ಬಂದವರು ಎಷ್ಟೋ ಜನ. ನನಗೆ ಗೊತ್ತಿಲ್ಲ ಎಂದು ಒಬ್ಬರೂ ಹೇಳಿರಲಿಲ್ಲ. ಎಲ್ಲರಿಗೂ ಎಲ್ಲವೂ ಗೊತ್ತಿತ್ತು. ನನ್ನದೇ ರಕ್ತದ ಮಗು ಎದುರಿಗೆ ಕೂತು, ತನ್ನ ಸರಕಿನ ಹುಳುಕು ತಾನೇ ಹೇಳುತ್ತಿದೆ. ಅನುಮಾನ ಪಡಲು ಹುಡುಕಿದೆ, ಹಿಡಿ ಸಿಗಲಿಲ್ಲ.

"ನಾಳೆ ಎಷ್ಟೊತ್ಗೆ ಬಸ್ಸು?" ಎಂದೆ.

"ನಾನೂ ಬತ್ತೀನಿ" ಎಂದಳು ಓರಗಿತ್ತಿ.

"ನೀನ್ಯಾಕೆ?"

"ನನ್ ಮದ್ದು ಎಂಗೆ ಕೆಲ್ಸ ಮಾಡ್ತಾ ಅದೆ ಅಂತ ನೋಡ್ಬೇಡ್ವಾ?"

ಮೂಗು ಒರೆಸಿಕೊಳ್ಳುತ್ತಿದ್ದ ಮೊಮ್ಮಗಳು ಕಿಸಕ್ಕನೆ ನಕ್ಕಳು. ನನಗೂ ನಗು ಬಂತು, ಆದರೆ ತೋರಿಸಲಿಲ್ಲ.

ಮಾರನೇ ದಿನ ಭಾನುವಾರ, ಆಸ್ಪತ್ರೆಯಲ್ಲಿ ನೋಡುವವರು ಇರುವುದಿಲ್ಲ ಎಂದು ಮಗ ಹೇಳಿದ್ದರಿಂದ ಸೋಮವಾರ ಹೊರಟೆವು. ಮದ್ದೂರಿನಲ್ಲಿ ಬಸ್ಸು ಬದಲಿಸುವಾಗ ಕಿಟಕಿ ಸೀಟಿಗೆ ನಾನೂ ಓರಗಿತ್ತಿಯೂ ಕಿತ್ತಾಡಿದೆವು. ಮಂಡ್ಯದ ಆಸ್ಪತ್ರೆಯಲ್ಲಿ ಯಂತ್ರದ ಕೆಳಗೆ ನಿಲ್ಲಿಸಿದರು, ಸೂಜಿ ಚುಚ್ಚಿ ಗಂಟಿನ ಚೂರು ತೆಗೆದರು. ಚೂರು ಬೇರೆಯವರ ಚೂರಿನ ಜೊತೆ ಅದಲುಬದಲಾಗದಂತೆ ನನ್ನ ಕಣ್ಣೆದುರೇ ಹೆಸರು ಬರೆಯಿಸಿದೆ. ನರ್ಸಮ್ಮ "ಏನಜ್ಜಿ, ನಮ್ಮೇಲೆ ನಂಬಿಕೆ ಇಲ್ವಾ?" ಎಂದಳು. "ನಂಬಿಕೆ ಅದೆ ಕಣವ್ವ, ಬರಿ ನೀನು" ಎಂದೆ.

ವಾರದ ಮೇಲೆ ಮಗನನ್ನೂ ಕರೆದುಕೊಂಡು ಮತ್ತೆ ಹೋದಾಗ ವರದಿ ಬಂದಿತ್ತು, ಅದು ಕ್ಯಾನ್ಸರ್ರೇ ಆಗಿತ್ತು. ಡಾಕ್ಟರು ಮಗನನ್ನು ಪಕ್ಕಕ್ಕೆ ಕರೆದಾಗ ಮೊಮ್ಮಗಳು, "ಅಜ್ಜಿ ಮುಂದೇನೇ ಹೇಳಿ ಸಾರ್, ಇಲ್ದಿದ್ರೆ ನಿಮ್ಮ ಮೇಲೆ ಅನುಮಾನ ಬರ್ತದೆ" ಎಂದಳು. ಅವರು ನನ್ನೆದುರೇ ಹೇಳಿದರು. ಬೇಗ ಬಂದಿದ್ದೀರಿ, ಇನ್ನೂ ಬೇರೆ ಕಡೆ ಹಬ್ಬಿಲ್ಲ ಎಂದರು. ಮಳವಳ್ಳಿಯವನ ಸೊಪ್ಪಿನ ರಸ ನನ್ನ ಅಂಗೈಯಲ್ಲಿ ಗಟ್ಟಿಯಾಗುವುದನ್ನು ಮನಸ್ಸಿನಲ್ಲೇ ನೋಡಿದೆ. ಅಲ್ಲಿಗೆ ಹೋಗಿದ್ದರೆ ನಾನು ವಾಂತಿ ಮಾಡಿ, ಮದ್ದು ಹೋಯಿತು ಎಂದು ಸಮಾಧಾನದಿಂದ ಮನೆಯಲ್ಲಿ ಕೂತಿರುತ್ತಿದ್ದೆ. ಗಂಟು ಮಾತ್ರ ಸುಮ್ಮನೆ ಕೂತಿರುತ್ತಿರಲಿಲ್ಲ.

ಆಪರೇಷನ್ ಆಯಿತು. ಆಮೇಲೆ ಹಳೇ ಔಷಧಿ ಶುರುವಾಯಿತು. ಜಾತ್ರೆಯ ಶರಬತ್ತಿನಂಥ ಕೆಂಪು ನೀರು, ನರದೊಳಗೆ ಇಳಿಯುವಾಗ ನಾನು ಕಣ್ಣು ಮಿಟುಕಿಸದೆ ಅದನ್ನೇ ಕಾಯುತ್ತಿದ್ದೆ. ಅದಕ್ಕೆ ಬಾಯಿ ಮುಚ್ಚಿಕೊಂಡು ಹೋಗುವ ಬುದ್ಧಿ ಇಲ್ಲ. ಒಂದು ಕಡೆಯ ಕಳೆಗೆ ಇಡೀ ಗದ್ದೆಗೆ ಔಷಧಿ ಹೊಡೆದಂತೆ, ಬಾಯಿ ಹುಣ್ಣಾಯಿತು, ನಾಲಿಗೆಗೆ ಉಪ್ಪು ತಿಳಿಯದಾಯಿತು, ತಲೆ ಬೋಳಾಯಿತು. ಆಗ ಗೊತ್ತಾಯಿತು ನನ್ನ ಮೊಮ್ಮಗಳು ಎಂಥ ಕೆಲಸಕ್ಕೆ ಕೈ ಹಾಕಿದ್ದಾಳೆ ಎಂದು. ಗಂಟಿಗೆ ಮಾತ್ರ ಬಾಯಿ ಬಿಡುವ ಉಂಡೆ! ಅದೊಂದಾದರೆ ಎಷ್ಟು ಹೆಂಗಸರ ಜಡೆ ಉಳಿಯುತ್ತದೆ, ಎಷ್ಟು ಜನ ಉಪ್ಪಿನ ರುಚಿ ಕಳೆದುಕೊಳ್ಳದೆ ಉಣ್ಣುತ್ತಾರೆ!

ಆ ದಿನಗಳಲ್ಲಿ ನನ್ನ ಗಂಟಲಿಗೆ ಇಳಿದದ್ದು ಓರಗಿತ್ತಿಯ ಕೈಯ ತೆಳು ರಾಗಿ ಅಂಬಲಿಯೊಂದೇ. ಲೋಟ ತಂದು ಮುಂದೆ ಹಿಡಿಯುವ ಮೊದಲು ತಾನೇ ಒಂದು ಗುಟುಕು ಕುಡಿದು, ಬಾಯಿ ಒರೆಸಿಕೊಂಡು, "ನೋಡ್ಕೊ, ಸಾಯ್ನಿಲ್ಲ. ಈಗ ಕುಡಿ" ಎನ್ನುತ್ತಿದ್ದಳು. ಬೇಡ ಎಂದರೂ ಕೇಳುತ್ತಿರಲಿಲ್ಲ. ಬೇಡ ಎಂದು ನಾನೂ ಅಷ್ಟೇನೂ ಜೋರಾಗಿ ಹೇಳಲಿಲ್ಲ.

ಈ ಯುಗಾದಿಗೆ ಮುಂಚೆ ಮತ್ತೆ ಯಂತ್ರದಲ್ಲಿ ನೋಡಿದರು. ಏನೂ ಕಾಣುತ್ತಿಲ್ಲ, ಆದರೂ ಬಂದು ತೋರಿಸುತ್ತಿರಬೇಕು ಎಂದರು. ಏನೂ ಇಲ್ಲ ಎನ್ನಲಿಲ್ಲ, ಕಾಣುತ್ತಿಲ್ಲ ಎಂದರು. ಆ ಮಾತು ನನಗೆ ಹಿಡಿಸಿತು. ನನ್ನ ತಲೆಯಲ್ಲಿ ಈಗ ಬೆಳ್ಳಗೆ, ಹುಟ್ಟಿದ ಮಗುವಿನದರಂಥ ಕೂದಲು ಬಂದಿದೆ. ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತೇನೆ. ಸಂತೋಷ ಎದೆಯಲ್ಲಿ ಹಿಡಿಸುವುದಿಲ್ಲ, ಡೈರಿಯವನಿಗೂ ಹೇಳಿದೆ, ಬಸ್ಸಿನ ಕಂಡಕ್ಟರಿಗೂ ಹೇಳಿದೆ. ಮೊಮ್ಮಗಳು ಫೋನಿನಲ್ಲಿ, ಹೊಸ ಉಂಡೆಯಲ್ಲಿ ಸಾಯುವ ಇಲಿಗಳು ಕಡಿಮೆಯಾಗಿವೆ ಎಂದಳು. "ಎಲ್ಲಾ ಉಳ್ಕೊಂಡ್ವಾ?" ಎಂದೆ. "ಇಲ್ಲಜ್ಜಿ, ಎಲ್ಲಾ ಇಲ್ಲ" ಎಂದಳು. ನನ್ನ ಬಂಗಾರ, ಸುಳ್ಳು ಹೇಳಲು ಇನ್ನೂ ಕಲಿತಿಲ್ಲ! ಅಂಗಡಿಯವನಿಗೆ ಹೋಗಿ ಹೇಳಿ ಬಂದೆ, ನಿನ್ನ ಪಾಕೀಟಿನಲ್ಲಿ ಇಲಿ ಸಾಯುತ್ತವೆ, ನನ್ನ ಮೊಮ್ಮಗಳ ಕೈಯಲ್ಲಿ ಬದುಕುತ್ತವೆ ಎಂದು.

ಹಬ್ಬದ ದಿನ ಓರಗಿತ್ತಿ ಬಾಳೆಎಲೆ ಮುಚ್ಚಿದ ತಟ್ಟೆ ತಂದು ಜಗಲಿಯ ಮೇಲಿಟ್ಟಳು. ನಾನು ಒಬ್ಬಟ್ಟು ಎತ್ತಿಕೊಂಡೆ. ಕೈ ತನ್ನ ಪಾಡಿಗೆ ತಾನು ಅದನ್ನು ನಡುವೆ ಮುರಿದು ಬೆಳಕಿಗೆ ಹಿಡಿಯಿತು. ಹೂರಣ ಹಳದಿಯಾಗಿತ್ತು.

"ಏನ್ ಕಾಣ್ತದೆ ಅಕ್ಕಯ್ಯ ಒಳ್ಗೆ?"

"ಬೆಲ್ಲ ಕಮ್ಮಿ ಆಕಿದ್ದೀಯ."

"ತಿಂದು ಹೇಳು."

ತಿಂದೆ. ನಾಲಿಗೆಗೆ ಸಿಹಿ ಪೂರ್ತಿ ತಿಳಿಯಿತು, ಏಲಕ್ಕಿಯೂ ತಿಳಿಯಿತು. ಬೆಲ್ಲ ಕಡಿಮೆ ಇರಲಿಲ್ಲ. ಅದನ್ನು ಅವಳಿಗೆ ಹೇಳಲು ಹೋಗದೆ ಇನ್ನೊಂದಕ್ಕೆ ಕೈ ಚಾಚಿದೆ.